ಶಾಂಪೇನ್ ರೆಜಿಮೆಂಟಿನ ಎರಡನೇ ಬಾವುಟ

ಜನವರಿ 12, ಭಾನುವಾರ

ಹವೆ: ಧೂಳು. ಗಾಳಿ ಜೋರು.

ಲುಸೈಲ್ ಟವರ್, ಹದಿನಾಲ್ಕನೇ ಮಹಡಿ. ಬಾತ್‌ರೂಮಿನ ಸಿಲಿಕೋನ್ ಮತ್ತೆ ಎದ್ದಿದೆ. ಒಂದು ಬಾಗಿಲು ತಾನಾಗಿ ಮುಚ್ಚುತ್ತಿಲ್ಲ. ಎರಡಕ್ಕೂ ಕೆಂಪು ಸ್ಟಿಕರ್ ಅಂಟಿಸಿದೆ. ಕೆಂಪು ಸ್ಟಿಕರ್ ಅಂದರೆ ಸ್ನ್ಯಾಗ್, ಸರಿಪಡಿಸದೆ ಕಟ್ಟಡ ಹ್ಯಾಂಡೋವರ್ ಆಗುವಂತಿಲ್ಲ. ದೋಹಾಕ್ಕೆ ಬಂದಾಗಿನಿಂದ ನಾನು ಮಾಡಿದ್ದು ಇಷ್ಟೇ. ಬೇರೆಯವರ ಕೆಲಸದಲ್ಲಿ ಕುಂದು ಹುಡುಕುವುದು.

ಸೈಟ್ ಡೈರಿ ಬರೆಯುವ ಚಾಳಿ ಮನೆಗೂ ಬಂತು. ಹೆಂಡತಿ ಚೂಡಾ ನಗುತ್ತಿದ್ದಳು. "ನಾನು ಸತ್ರೂ ಮೊದಲು ಹವೆ ಬರ್ದು ಆಮೇಲೆ ಬರೀತೀರಾ ನೀವು" ಅಂತ. ಹಾಗೇ ಬರೆದೆ. ನವೆಂಬರ್ 19ರ ಮೊದಲ ಸಾಲು — ಹವೆ: ಹಿತ. ಅದರ ಕೆಳಗೆ — ಚೂಡಾಮಣಿ ಬೆಳಿಗ್ಗೆ ತೀರಿಕೊಂಡಳು. ತಲೆಯಲ್ಲಿ ರಕ್ತಸ್ರಾವ.

ಮೈಸೂರಿನಲ್ಲಿ ಕಾರ್ಯ ಮುಗಿಸಿ ಬಂದು ಡ್ಯೂಟಿಗೆ ಸೇರಿದೆ. ಅಲ್ಲಿ ಎಲ್ಲರೂ ಅತ್ತರು. ನನಗೆ ಬರಲಿಲ್ಲ. ಇನ್ನೂ ಬಂದಿಲ್ಲ.

ರಾತ್ರಿ ಊಟ: ಅನ್ನ, ಮೊಸರು.


ಜನವರಿ 17, ಶುಕ್ರವಾರ

ಹವೆ: ತಂಪು.

ರಜೆ. ಗುಡಿಸಿದೆ. ಹಾಲಿನ ಕಿಟಕಿ ಪಕ್ಕದ ಅವಳ ಟೇಬಲ್ ಒಂದನ್ನು ಬಿಟ್ಟು ಎಲ್ಲ ಒರೆಸಿದೆ. ಆಮೇಲೆ ಅದನ್ನೂ ಒರೆಸಿದೆ. ಸಿಪಾಯಿಗಳನ್ನು ಒಂದೊಂದಾಗಿ ಎತ್ತಿ, ಇದ್ದಲ್ಲೇ ಇಟ್ಟು.

ಹೆಬ್ಬೆರಳಿನಷ್ಟು ಎತ್ತರದ ಸೀಸದ ಸಿಪಾಯಿಗಳು. ಫ್ರಾನ್ಸಿನಲ್ಲಿ ರಾಜರಿದ್ದ ಕಾಲದ ಕಾಲ್ದಳ. ಶಾಂಪೇನ್ ರೆಜಿಮೆಂಟ್. ಬಿಳಿ ಕೋಟು, ಒಳಗೆ ಕೆಂಪು ವೇಸ್ಟ್‌ಕೋಟು, ಮೂರು ಮೂಲೆಯ ಕರಿ ಟೋಪಿ. ಮದೀನತ್ ಖಲೀಫಾದ ಬಾಡಿಗೆ ವಿಲ್ಲಾದ ಅರ್ಧ ಭಾಗದಲ್ಲಿ, ಮೈಸೂರಿನ ಹೆಂಗಸೊಬ್ಬಳ ಟೇಬಲ್ ಮೇಲೆ ಇವರೇಕೆ ಬಂದು ನಿಂತರು? ಹಲ್ಲುನೋವಿನಿಂದ. ರೂಟ್ ಕೆನಾಲಿಗೆ ಹೋದವಳು ಡಾಕ್ಟರ್ ಝಿಯಾದ್ ಅವರ ಕ್ಲಿನಿಕ್ಕಿನ ಗಾಜಿನ ಕಪಾಟು ನೋಡಿದಳು. ಲೆಬನಾನಿನವರು, ಓದಿದ್ದು ಫ್ರಾನ್ಸಿನಲ್ಲಿ. ಈ ಹುಚ್ಚು ಅಲ್ಲಿ ಹಿಡಿದದ್ದು. ಬಾಯಿ ಜೋಮು ಬಿಡುವ ಮೊದಲೇ ಇವಳು, ಗುಂಡಿಗಳಿಗೆ ಬಳಿದ ಚಿನ್ನದ ಬಣ್ಣ ಸರಿಯಿಲ್ಲ ಅಂದಳಂತೆ. ಮೈಸೂರು ಶೈಲಿಯ ಚಿತ್ರ ಕಲಿತವಳು, ಚಿನ್ನದ ರೇಕಿನಲ್ಲಿ ಕೈ ಪಳಗಿತ್ತು. ಅವರು ಒಂದು ಸಿಪಾಯಿ ಕೊಟ್ಟು ನೋಡಿದರು. ಆಮೇಲೆ ಬಣ್ಣ ಹಾಕಲು ಇಡೀ ರೆಜಿಮೆಂಟನ್ನೇ ಅವಳ ಹೆಸರಿಗೆ ತರಿಸಿಕೊಟ್ಟರು.

ಬಣ್ಣವಿಲ್ಲದ ಸಿಪಾಯಿಗಳ ಪಾರ್ಸೆಲ್ ಬಂದಾಗ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಶಾಂಪೇನ್'. ಮದ್ಯ ತರಿಸುವಂತಿಲ್ಲದ ಈ ದೇಶದಲ್ಲಿ! ಅರ್ಧ ದಿನ ರಜೆ ಹಾಕಿ ಅವಳ ಜೊತೆ ಕಸ್ಟಮ್ಸ್ ಆಫೀಸಿಗೆ ಹೋದೆ, ಬೆವರುತ್ತಾ. "ಅದು ಊರಿನ ಹೆಸರು ಕಣ್ರೀ" ಅಂತ ಇವಳು. ಕೌಂಟರಿನವನು ಡಬ್ಬ ಬಿಚ್ಚಿದ, ಒಂದು ಸಿಪಾಯಿಯನ್ನು ಬೆಳಕಿಗೆ ಹಿಡಿದು ನೋಡಿದ, ನಕ್ಕ. ಖಲಾಸ್, ಹೋಗಿ ಅಂದ.

ಅಮೂಲ್ಯಾ ಫೋನ್ ಮಾಡಿದ್ದಳು, ಲೀಡ್ಸ್‌ನಿಂದ. ಹುಟ್ಟಿ ಬೆಳೆದದ್ದೆಲ್ಲ ದೋಹಾ, ಅವಳ ಕನ್ನಡ ಅವಳದೇ.

"ಅಪ್ಪಾ, ಅಮ್ಮಂದು ಸೋಲ್ಜರ್ಸ್ ಹೇಗಿದೆ?"

"ಇದ್ದಲ್ಲೇ ಇವೆ."

"ಝಿಯಾದ್ ಅಂಕಲ್ ತಗೊಂಡು ಹೋದ್ರಾ?"

"ಇನ್ನೂ ಇಲ್ಲ."

"ನಾನು ಏಪ್ರಿಲ್ ಬರ್ತೀನಿ. ಅಲ್ಲೀವರ್ಗೂ ಇರ್ಲಿ, ಓಕೆ?"

ನೋಡೋಣ ಅಂದೆ. ಆ ಟೇಬಲ್ ಖಾಲಿಯಾದರೆ ಸಾಕಾಗಿದೆ ನನಗೆ. ಅದನ್ನು ಹೇಳಲಿಲ್ಲ.


ಫೆಬ್ರವರಿ 2, ಭಾನುವಾರ

ಹವೆ: ಮೋಡ. ಮಳೆ ಇಲ್ಲ.

ಡಾಕ್ಟರ್ ಝಿಯಾದ್ ಮೆಸೇಜು. ಅವಸರ ಇಲ್ಲ, ನಿಮಗೆ ಆದಾಗ ಬರುತ್ತೇನೆ, ನಿಮ್ಮ ಮನೆಯವರ ನೆನಪಾಗುತ್ತಿರುತ್ತದೆ.

ನನ್ನ ಕಸುಬಿನಲ್ಲಿ ಅವಸರ ಇಲ್ಲ ಅಂದ ಕ್ಲೈಂಟನ್ನು ಕಂಡಿಲ್ಲ. ಉತ್ತರಿಸಿದೆ — ಈದ್ ಹೊತ್ತಿಗೆ ಸೆಟ್ ಹ್ಯಾಂಡೋವರ್ ಮಾಡುತ್ತೇನೆ. ಕಳಿಸಿದ ಮೇಲೆ ಓದಿಕೊಂಡೆ. ಆಫೀಸ್ ಈಮೇಲಿನ ಹಾಗಿತ್ತು. ಇರಲಿ.


ಫೆಬ್ರವರಿ 21, ಶುಕ್ರವಾರ

ಹವೆ: ಹಿತ.

ಮಟಿಲ್ಡಾ ಬಂದಿದ್ದರು. ವಿಲ್ಲಾದ ಇನ್ನರ್ಧದಲ್ಲಿರುವವರು, ಮಂಗಳೂರು, ಶಾಲೆಯಲ್ಲಿ ಟೀಚರ್. ಚೂಡಾಗೆ ಇಲ್ಲಿದ್ದ ಒಬ್ಬಳೇ ಆಪ್ತೆ. ಸಣ್ಣಾಸ್ ತಂದಿದ್ದರು, ಅವರ ಕಡೆಯ ಇಡ್ಲಿ, ಬಿಸಿ ಇತ್ತು. ತಟ್ಟೆ ಎದುರಿಗಿಟ್ಟು ಎದ್ದು ಹೋಗದೆ ಕೂತರು, ನಾನು ತಿನ್ನುವವರೆಗೆ.

"ಎಂತ ಮಾರಾಯ್ರೆ, ಹೀಗೆ ಗೋಡೆ ನೋಡ್ಕೊಂಡು ಕೂತ್ರೆ ಹೇಗೆ? ಒಮ್ಮೆ ಅತ್ತು ಬಿಡಿ. ಗಂಡಸರು ಅಳ್ಬಾರ್ದು ಅಂತ ಉಂಟಾ?"

"ಅಳು ಬರಲ್ಲ ಮೇಡಂ. ತಡ್ಕೊಂಡಿಲ್ಲ ನಾನು. ಬರ್ತಾನೇ ಇಲ್ಲ."

ಅವರು ತಟ್ಟೆಗೆ ಇನ್ನೊಂದು ಹಾಕಿದರು. ಆಮೇಲೆ ಅವಳ ಸೀರೆಗಳ ಮಾತು. ಯಾರಿಗಾದರೂ ಕೊಡಬೇಕಾ ಅಂತ. ಅಮೂಲ್ಯಾ ಬರಲಿ ಅಂದೆ.

ಟೇಬಲ್ ಮೇಲೆ ಮೂರು ಬಟ್ಟಲು ಇನ್ನೂ ಇವೆ. ಮೂರರಲ್ಲೂ ಬಿಳಿ, ಒಣಗಿ ಬಿರುಕು ಬಿಟ್ಟದ್ದು. ಒಂದು ಸಲ ಕೇಳಿದ್ದೆ, ಮೂರೂ ಬಿಳಿಯೇ ತಾನೇ, ಒಂದೇ ಬಟ್ಟಲು ಸಾಲದಾ ಅಂತ. "ಬಿಳಿ ಅಂದ್ರೆ ಒಂದೇ ಬಿಳಿನಾ? ಇದು ನಿಮ್ಮ ಗೋಡೆ ಪುಟ್ಟಿ ಅಲ್ಲ ಕಣ್ರೀ" ಅಂದಿದ್ದಳು. ಆ ಕೋಟುಗಳು ಬಣ್ಣ ಹಾಕದ ಉಣ್ಣೆಯವಂತೆ, ಬೂದು ಮಿಶ್ರಿತ ಬಿಳಿ. ಕೊಳೆಯಾದರೆ ಸಿಪಾಯಿಗಳು ಬಿಳಿ ಜೇಡಿಮಣ್ಣು ಬಳಿದುಕೊಳ್ಳುತ್ತಿದ್ದರಂತೆ. ಕೆಸರಿನಲ್ಲಿ ಯುದ್ಧ ಮಾಡುವವರಿಗೆ ಬಿಳಿ ಬಟ್ಟೆ ಹೊಲಿಸಿದ ರಾಜನನ್ನು ನಾನು ಸ್ವಲ್ಪ ಬೈದೆ. ಅವಳು ಬ್ರಷ್ ಎತ್ತದೆ ನಕ್ಕಳು.

ನೆನಪಾಗುತ್ತದೆ. ಏನೂ ಆಗುವುದಿಲ್ಲ.


ಮಾರ್ಚ್ 4, ಮಂಗಳವಾರ

ಹವೆ: ಹಿತ. ಧೂಳಿಲ್ಲ.

ರಮದಾನ್ ಟೈಮಿಂಗ್. ಮಧ್ಯಾಹ್ನಕ್ಕೇ ಮನೆ. ಇಷ್ಟು ಹೊತ್ತನ್ನು ಏನು ಮಾಡುವುದು ಗೊತ್ತಿಲ್ಲ.

ಟೇಬಲ್ ಇನ್ಸ್‌ಪೆಕ್ಷನ್ ಮಾಡಿದೆ. ಹ್ಯಾಂಡೋವರಿಗೆ ಮುಂಚೆ ಮಾಡುವ ಹಾಗೆಯೇ, ಟಾರ್ಚ್ ಹಿಡಿದು, ಒಬ್ಬೊಬ್ಬನನ್ನು ತಿರುಗಿಸಿ. ಗುಂಡಿ, ಪಟ್ಟಿ, ಬೂಟು, ಕಣ್ಣು. ಕಣ್ಣಿಗೆ ಬಿಳಿ ಚುಕ್ಕೆ ಕೂಡ ಇಟ್ಟಿದ್ದಾಳೆ. ಹುಡುಕಿದೆ, ಒಂದೂ ಕುಂದು ಸಿಗಲಿಲ್ಲ. ಇಂಥ ಕಾಂಟ್ರಾಕ್ಟರ್ ನನಗೆ ಸಿಗಲೇ ಇಲ್ಲ.

ಕೊನೆಗೆ ಸಿಕ್ಕಿತು, ಒಂದೇ ಒಂದು. ಬಾವುಟ ಹಿಡಿದವರು ಇಬ್ಬರು, ಪಕ್ಕಪಕ್ಕ. ಮೊದಲನೆಯವನ ಬಾವುಟದಲ್ಲಿ ನಡುವೆ ಬಿಳಿ ಕ್ರಾಸು, ನಾಲ್ಕು ಮೂಲೆಯ ನಾಲ್ಕು ಚೌಕ ಹಸಿರು. ಎರಡನೆಯವನದು ಖಾಲಿ. ಬರೀ ಬಿಳಿ. ಟಾರ್ಚನ್ನು ಪಕ್ಕಕ್ಕೆ ಹಿಡಿದು ನೋಡಿದರೆ, ಗೋಡೆಯ ಪುಟ್ಟಿ ನೋಡುವ ಹಾಗೆ, ಗೆರೆಗೆರೆಯಾಗಿ ಉಬ್ಬು. ಪ್ರೈಮರ್ ಸಮವಾಗಿ ಕೂತಿಲ್ಲ. ಬಣ್ಣ ಹಚ್ಚುವಷ್ಟರಲ್ಲಿ ಆಸ್ಪತ್ರೆಗೆ ಹೋಗಿದ್ದಾಳೆ.

ಇಷ್ಟಕ್ಕೆ ಅವಳ ಕೆಲಸ ಅರ್ಧ ಅನ್ನಿಸಿಕೊಳ್ಳಬಾರದು.


ಮಾರ್ಚ್ 7, ಶುಕ್ರವಾರ

ಹವೆ: ಬೆಚ್ಚಗೆ.

ಮಾಡಿದೆ.

ಬೆಳಿಗ್ಗೆ ಸ್ನಾನ, ದೀಪ, ಆಮೇಲೆ ಕೂತೆ. ನಯವಾದ ಸ್ಯಾಂಡ್ ಪೇಪರಿನಿಂದ ಉಬ್ಬನ್ನು ಉಜ್ಜಿದೆ. ಎರಡೂ ಬದಿ. ಬೆರಳಾಡಿಸಿದರೆ ಗಾಜಿನ ಹಾಗೆ ಆಗುವವರೆಗೆ. ಬಿಳಿ ಪುಡಿ ಟೇಬಲ್ ಮೇಲೆ ಉದುರಿತು, ಊದಿದೆ. ಮಾಸ್ಕಿಂಗ್ ಟೇಪನ್ನು ಬ್ಲೇಡಿನಿಂದ ಸಣ್ಣಗೆ ಸೀಳಿ ಕ್ರಾಸ್ ಆಕಾರಕ್ಕೆ ಅಂಟಿಸಿದೆ. ಹಸಿರು ಅವಳ ಬಾಟಲಿಯಿಂದಲೇ. ನಾಲ್ಕು ಚೌಕ. ಅಂಚಿನಲ್ಲಿ ಉಸಿರು ಬಿಗಿಹಿಡಿದೆ. ಟೇಪ್ ಎಳೆದಾಗ ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಬಂತು.

ಅವಳ ಬ್ರಷ್ಷಿನ ಹಿಡಿಕೆಯಲ್ಲಿ ಹಲ್ಲಿನ ಗುರುತಿದೆ. ಕಚ್ಚಿಕೊಂಡು ಯೋಚಿಸುತ್ತಿದ್ದಳು.

ಎರಡನೇ ಕೋಟ್ ನಾಳೆ.


ಮಾರ್ಚ್ 8, ಶನಿವಾರ

ಹವೆ: ಬೆಚ್ಚಗೆ.

ಎರಡನೇ ಕೋಟ್ ಆಯಿತು. ಎರಡೂ ಬಾವುಟ ಈಗ ಜೋಡಿ. ಮಟಿಲ್ಡಾ ನೋಡಿ, "ಅಯ್ಯೋ, ಚೂಡಾಮಣಿ ಮಾಡಿದ ಹಾಗೇ ಉಂಟಲ್ಲ! ನಿಮ್ಗೂ ಕೈ ಉಂಟು ಮಾರಾಯ್ರೆ" ಅಂದರು.

ಖುಷಿಯಾಯಿತು. ಬರೆದಿಡುತ್ತಿದ್ದೇನೆ, ಖುಷಿಯಾಯಿತು ಅಂತ. ನವೆಂಬರಿನಿಂದ ಮೊದಲ ಸಲ. ಚಿತ್ರಾನ್ನ ಮಾಡಿಕೊಂಡೆ. ಚೆನ್ನಾಗಿ ನಿದ್ದೆ.


ಏಪ್ರಿಲ್ 1, ಮಂಗಳವಾರ

ಝಿಯಾದ್ ಬಂದಿದ್ದರು. ಸೆಟ್ ಒಯ್ಯಲಿಲ್ಲ.


ಏಪ್ರಿಲ್ 3, ಗುರುವಾರ

ಬರೆಯಬೇಕು. ಬರೆಯದಿದ್ದರೆ ತಲೆಯೊಳಗೆ ಅದೇ ಸುತ್ತುತ್ತದೆ.

ಈದ್ ರಜೆ. ಮೊನ್ನೆ ಖರ್ಜೂರದ ಬಿಸ್ಕತ್ತಿನ ಡಬ್ಬ ತಂದಿದ್ದರು ಝಿಯಾದ್. ಚಹಾ ಕೊಟ್ಟೆ. ಟೇಬಲ್ ಮುಂದೆ ಮಗುವಿನ ಹಾಗೆ ಮಂಡಿಯೂರಿ ಕೂತರು, ಅರವತ್ತರ ಮನುಷ್ಯ. ಒಬ್ಬೊಬ್ಬನನ್ನೂ ನೋಡುತ್ತಾ ನಗುತ್ತಿದ್ದರು. ಆಮೇಲೆ ನಗು ನಿಂತಿತು.

"ಮಿಸ್ಟರ್ ಗೋಪಿನಾಥ್, ಬಿಳಿಯದು ಎಲ್ಲಿ?"

"ಯಾವ ಬಿಳಿಯದು?"

"ಕರ್ನಲ್ ಬಾವುಟ."

ನಾನು ಹೆಮ್ಮೆಯಿಂದ ಹೇಳಿದೆ. ಒಂದು ಪೆಂಡಿಂಗ್ ಇತ್ತು, ಮುಗಿಸಿದ್ದೇನೆ ಅಂತ. ಎತ್ತಿ ಕೈಗೂ ಕೊಟ್ಟೆ.

ಅವರು ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು. ಮೆಲ್ಲಗೆ ವಿವರಿಸಿದರು. ರೋಗಿಗೆ ಹಲ್ಲು ಉಳಿಯುವುದಿಲ್ಲ ಅಂತ ಹೇಳುವಾಗಲೂ ಇದೇ ದನಿ ಇರಬೇಕು. ಆ ಕಾಲದಲ್ಲಿ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ, ಕ್ರಾಸಿನ ನಾಲ್ಕು ಚೌಕದಲ್ಲಿ. ಹೊಗೆಯಲ್ಲಿ ದಾರಿ ತಪ್ಪಿದವನು ಅದನ್ನು ನೋಡಿ ತನ್ನವರನ್ನು ಸೇರಿಕೊಳ್ಳುತ್ತಿದ್ದ. ಆದರೆ ಪ್ರತಿ ರೆಜಿಮೆಂಟಿನಲ್ಲೂ ಇನ್ನೊಂದು ಬಾವುಟ ಇರುತ್ತಿತ್ತು. ಕರ್ನಲ್‌ನದು. ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಅದಕ್ಕೆ. ಪೂರ್ತಿ ಬಿಳಿ. ಬಿಳಿ ರೇಷ್ಮೆಯ ಮೇಲೆ ಬಿಳಿ ಕ್ರಾಸು. ಬರೀ ಹೊಲಿಗೆಯ ಗೆರೆಯಲ್ಲಿ ಕಾಣುವುದು, ಬೆಳಕು ಪಕ್ಕದಿಂದ ಬಿದ್ದರೆ.

"ಬಿಳಿಯ ಮೇಲೆ ಬಿಳಿ ತೋರಿಸೋದು ಹೇಗೆ ಅಂತ ನಿಮ್ಮ ಮನೆಯವರು ಎರಡು ತಿಂಗಳು ಒದ್ದಾಡಿದರು. ನಿಮ್ಮ ಊರಿನ ವಿದ್ಯೆ ಹಾಕಿದರು ಕೊನೆಗೆ."

ಫೋನಿನಲ್ಲಿ ಫೋಟೋ ತೋರಿಸಿದರು. ಅವಳೇ ಕಳಿಸಿದ್ದು, ಆಸ್ಪತ್ರೆಗೆ ಹೋಗುವ ಹಿಂದಿನ ವಾರ. ನಮ್ಮ ಕಿಟಕಿ, ಸಂಜೆ ಬಿಸಿಲು. ಬಾವುಟದ ಮೇಲೆ ಕೂದಲೆಳೆಯಷ್ಟು ಉಬ್ಬಿದ ಗೆರೆಗಳು, ಒಂದೊಂದಕ್ಕೂ ಒಂದೊಂದು ನೆರಳು. ಕ್ರಾಸು ಗಾಳಿಯಲ್ಲಿ ಮೂಡಿದ ಹಾಗೆ ಇತ್ತು. ಗೆಸ್ಸೋ. ಮೈಸೂರು ಚಿತ್ರದಲ್ಲಿ ದೇವರ ಒಡವೆಗೆ ಉಬ್ಬು ಕೊಡುವುದಕ್ಕೆ ಬಳಸುವುದು. ಅದರ ಮೇಲೆ ಚಿನ್ನದ ರೇಕು ಹಾಕುತ್ತಾರೆ. ಇವಳು ಹಾಕದೆ ಬಿಟ್ಟಿದ್ದಳು.

ನಾನು ಅದನ್ನು ಉಜ್ಜಿದೆ. ಗಾಜಿನ ಹಾಗೆ ಆಗುವವರೆಗೆ.

ಝಿಯಾದ್ ಬಯ್ಯಲಿಲ್ಲ. "ಮಾಲೇಶ್, ಮಾಲೇಶ್" ಅಂತ, ಪರವಾಗಿಲ್ಲ ಬಿಡಿ ಅಂತ, ಎರಡು ಸಲ ಹೇಳಿ ನನ್ನ ಭುಜ ಹಿಡಿದರು. ಸೆಟ್ ಈಗ ಬೇಡ, ಇಲ್ಲೇ ಇರಲಿ. ಬಿಳಿಯದನ್ನು ಹೇಗೂ ಅಮೂಲ್ಯಾಗೆ ಕೊಡುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೆ, ಹುಡುಗಿ ಕೇಳಿದ್ದಳು ಅಂದರು.

ಹೋದ ಮೇಲೆ ಟೇಬಲ್ ಕೆಳಗೆ ಬಗ್ಗಿ ನೋಡಿದೆ. ಬಿಳಿ ಪುಡಿ ಏನಾದರೂ ಉಳಿದಿದೆಯಾ ಅಂತ. ನಾನು ದಿನಾ ಗುಡಿಸುವ ಮನುಷ್ಯ.

ಅಳು ಆಗಲೂ ಬರಲಿಲ್ಲ. ನಾನು ಎಂಥ ಮನುಷ್ಯ?


ಏಪ್ರಿಲ್ 5, ಶನಿವಾರ

ಒಂದು ಮೂಲೆಗೆ ಹತ್ತಿಯಲ್ಲಿ ಥಿನ್ನರ್ ಒತ್ತಿ ನೋಡಿದೆ. ಹಸಿರು ಬಂತು. ಜೊತೆಗೆ ಅವಳ ಬಿಳಿಯೂ ಬಂತು. ಸೀಸ ಕಂಡಿತು. ನಿಲ್ಲಿಸಿದೆ.

ಅಮೂಲ್ಯಾ ಮೆಸೇಜು — ಶುಕ್ರವಾರ ಮಧ್ಯಾಹ್ನ ಲ್ಯಾಂಡಿಂಗ್. ಕೆಳಗೆ ಒಂದು ವಿಡಿಯೋ. ಅಮ್ಮ ಕಳಿಸಿದ್ದಂತೆ, ಕೊನೆಯದು. ತೆರೆದೆ. ಚೂಡಾಳ ಬೆರಳುಗಳು, ಬಿಳಿ ಬಾವುಟ, ಕಿಟಕಿಯ ಕಡೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾಳೆ. "ಈಗ ನೋಡು... ಈಗಿಲ್ಲ. ಈಗ ನೋಡು... ಬಂತು. ಕಾಣ್ತಾ ಕಂದಾ? ನಿಮ್ಮಪ್ಪಂಗೆ ತೋರಿಸ್ಬೇಕು, ಸೈಟಿಂದ ಬರ್ಲಿ."

ಅವತ್ತು ಸೈಟಿನಿಂದ ತಡವಾಗಿ ಬಂದಿರಬೇಕು. ತೋರಿಸಿದ ನೆನಪಿಲ್ಲ.

ವಿಡಿಯೋ ಮತ್ತೆ ನೋಡಲಿಲ್ಲ.


ಏಪ್ರಿಲ್ 9, ಬುಧವಾರ

ಹವೆ: ಬಿಸಿ ಶುರು.

ಸೈಟಿನಲ್ಲಿ ಇಂದು ಒಂದೂ ಸ್ಟಿಕರ್ ಅಂಟಿಸಲಿಲ್ಲ. ಫೋರ್ಮನ್ ಎರಡು ಸಲ ಕೇಳಿದ, ಸರ್, ಹುಷಾರಿದ್ದೀರಾ ಅಂತ.

ಯೋಚನೆ: ಅಮ್ಮನೇ ಮನಸ್ಸು ಬದಲಾಯಿಸಿ ಹಸಿರು ಬಳಿದಳು ಅಂದರೆ ಆಯಿತು. ಯಾರಿಗೆ ನಷ್ಟ? ಝಿಯಾದ್ ದೊಡ್ಡ ಮನುಷ್ಯರು, ಬಾಯಿ ಬಿಡುವುದಿಲ್ಲ. ಮಟಿಲ್ಡಾಗೆ ಮಾತ್ರ ಗೊತ್ತು. ಅವರನ್ನು ಕೇಳಿದೆ.

"ನಾನು ಹೇಳೂದಿಲ್ಲ" ಅಂದರು. ಬಾಗಿಲಿಗೆ ಕೈ ಹಾಕಿ, "ಆದ್ರೆ ಆ ಹುಡುಗಿಗೆ ಇನ್ನು ಇರೋದು ನೀವೊಬ್ರು ಅಲ್ವಾ?" ಅಂದು ಒಳಗೆ ಹೋದರು.


ಏಪ್ರಿಲ್ 11, ಶುಕ್ರವಾರ. ಸಂಜೆ

ಕರೆತಂದೆ. ತೆಳ್ಳಗಾಗಿದ್ದಾಳೆ. ಏರ್‌ಪೋರ್ಟಿನಿಂದ ಮನೆಯವರೆಗೆ ಹವೆಯ ಮಾತಾಡಿದೆ, ಅಲ್ಲಿ ಹೇಗೆ, ಇಲ್ಲಿ ಹೇಗೆ.

ಚಪ್ಪಲಿ ಬಿಟ್ಟವಳೇ ಟೇಬಲ್ ಹತ್ತಿರ ಹೋದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಇಬ್ಬರು ಬಾವುಟದವರನ್ನೂ ಎತ್ತಿ ನೋಡಿದಳು. ಇಟ್ಟಳು. ಮತ್ತೆ ಎತ್ತಿದಳು.

"ಅಪ್ಪಾ, ಅಮ್ಮ ಇದನ್ನ ಗ್ರೀನ್ ಮಾಡಿದ್ಳಾ?"

ನಾನು ಕಲಿತು ಇಟ್ಟುಕೊಂಡಿದ್ದ ಸುಳ್ಳನ್ನು ಅವಳೇ ಕೈಗೆ ಕೊಟ್ಟಳು. ಹೂಂ ಅಂದರೆ ಸಾಕಿತ್ತು.

"ಇಲ್ಲ. ನಾನು."

"ನೀನಾ?"

"ಅರ್ಧಕ್ಕೆ ಬಿಟ್ಟಿದಾಳೆ ಅಂದ್ಕೊಂಡೆ. ಉಬ್ಬಿತ್ತು, ಉಜ್ಜಿದೆ. ಆಮೇಲೆ ಬಣ್ಣ ಹಾಕ್ದೆ. ಗೊತ್ತಿರ್ಲಿಲ್ಲ ಅಮೂಲ್ಯಾ."

ನನ್ನನ್ನೇ ನೋಡಿದಳು. ಸಿಪಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ರೂಮಿಗೆ ಹೋದಳು. ಬಾಗಿಲು ಮುಚ್ಚಿತು. ಅಳುವುದು ಕೇಳಿಸಿತು. ನಾನು ಸಾರು ಬಿಸಿಮಾಡಿದೆ, ಆರಿತು, ಮತ್ತೆ ಬಿಸಿಮಾಡಿದೆ.

ಇಷ್ಟು ಬರೆಯುವಾಗ ಬಾಗಿಲು ತೆರೆಯಿತು. ಕರೆಯುತ್ತಿದ್ದಾಳೆ.


ಅದೇ ದಿನ, ಊಟವಾದ ಮೇಲೆ

ಕಿಟಕಿ ಹತ್ತಿರ ಕೂತಿದ್ದಳು, ಮುಖ ಊದಿಕೊಂಡು. ಫೋನಿನ ಲೈಟನ್ನು ಬಾವುಟಕ್ಕೆ ಪಕ್ಕದಿಂದ ಹಿಡಿದಿದ್ದಳು.

"ಅಪ್ಪಾ, ಬಾ ಇಲ್ಲಿ. ಬೆರಳು ಕೊಡು."

ಕೊಟ್ಟೆ. ಬಾವುಟ ಕೋಲಿಗೆ ಸೇರುವ ಕಡೆ, ಸಿಪಾಯಿಯ ಟೋಪಿಯ ಹಿಂದೆ, ಉಗುರೂ ಸರಿಯಾಗಿ ಹೋಗದ ಸಂದು. ಅಲ್ಲಿಗೆ ನನ್ನ ಬೆರಳಿನ ತುದಿ ಒತ್ತಿದಳು.

"ಇಲ್ಲಿ ನೀನು ಸರಿ ಉಜ್ಜಿಲ್ಲ."

ಏನೂ ತಿಳಿಯಲಿಲ್ಲ ಮೊದಲು. ಕಣ್ಣು ಮುಚ್ಚು ಅಂದಳು. ಮುಚ್ಚಿದೆ. ಉಗುರು ಒಂದು ಕಡೆ ತಡೆಯಿತು. ಸಣ್ಣದು. ಹಸಿರಿನ ಒಳಗೆ, ನನ್ನ ಕ್ರಾಸಿಗಿಂತ ಒಂದು ಕೂದಲು ಮೇಲೆ, ಚೂಡಾಳ ಒಂದು ಗೆರೆ. ಏರುತ್ತದೆ, ಇಳಿಯುತ್ತದೆ. ಅಕ್ಕಿ ಕಾಳಿನಷ್ಟು ಉದ್ದ ಇರಬೇಕು. ಸ್ಯಾಂಡ್ ಪೇಪರ್ ತಲುಪದ ಜಾಗ. ನಾನೇ ಇನ್ಸ್‌ಪೆಕ್ಷನ್ ಮಾಡಿ ಪಾಸ್ ಮಾಡಿದ್ದ ಕೆಲಸ. ಇಷ್ಟು ವರ್ಷ ಇಂಥದ್ದಕ್ಕೆ ಎಷ್ಟು ಜನರನ್ನು ಬೈದಿದ್ದೇನೆ.

"ಸಿಕ್ತಾ?"

ಸಿಕ್ಕಿತು ಅನ್ನಲು ಹೋದೆ. ಗಂಟಲಿನಿಂದ ಬೇರೆ ಏನೋ ಬಂತು. ಅಮೂಲ್ಯಾ ಗಾಬರಿಯಾಗಿ ಫೋನ್ ಬಿಟ್ಟು ನನ್ನ ತಲೆ ಹಿಡಿದುಕೊಂಡಳು.

ಈಗ ಅವಳು ಮಲಗಿದ್ದಾಳೆ. ಸಿಪಾಯಿ ಈ ಪುಟದ ಮೇಲೇ ನಿಂತಿದ್ದಾನೆ. ಬಲಗೈಯಲ್ಲಿ ಪೆನ್ನು, ಎಡಗೈ ಬೆರಳು ಆ ಸಂದಿನಲ್ಲಿ. ತೆಗೆಯಲಾಗುತ್ತಿಲ್ಲ. ಅಕ್ಷರ ಒದ್ದೆಯಾಗಿ ಹರಡುತ್ತಿದೆ, ನಾಳೆ ಓದಲು ಬರುತ್ತದೋ ಇಲ್ಲವೋ.

ಹವೆ ಬರೆಯಲಿಲ್ಲ ಇವತ್ತು ಚೂಡಾ. ನೋಡು, ಇಲ್ಲೇ ಇದೆ, ಏರುತ್ತೆ, ಇಳಿಯುತ್ತೆ, ಕೈಗೆ ಸಿಗುತ್ತೆ, ನೀನು ಅವತ್ತೇ ನನಗೆ ತೋರಿಸಬೇಕು ಅಂದದ್ದು...